ನಿನ್ನ ಹೆಸರಿನ ಕೇಬಲ್

ಅಮ್ಮಾ,

ಟಿವಿ ಕೇಬಲ್ ತೆಗೆಸಲು ಹೋಗಿ ಹೆದರಿಕೊಂಡು ಕೂತಿದ್ದೇನೆ. ನೀನು ಹೋದ ಮೇಲೆ ಅದನ್ನು ನೋಡುವವರೇ ಇಲ್ಲ. ಅವಧಿಗೆ ಮೊದಲೇ ತೆಗೆಸಿದರೆ ದಂಡವಂತೆ. ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರು ತೀರಿಕೊಂಡಿದ್ದರೆ ಮಾತ್ರ ಬೇಡವಂತೆ. ನಿನ್ನ ಡೆತ್ ಸರ್ಟಿಫಿಕೇಟ್ ತರಲು ನಾನು ಒಳಗೆ ಹೋಗಿದ್ದಾಗ ಕೇಬಲಿನವನು ಬಂದ.

"ಅಮ್ಮಾವ್ರು ಎಲ್ಲಿ ಸಾರ್? ಕನೆಕ್ಷನ್ ಅವರ ಹೆಸರಲ್ಲಿದೆ."

"ಮಲಗಿದ್ದಾಳಪ್ಪ," ಅಂದರು ಅಪ್ಪ. "ಈಗ ತಾನೇ ಕಣ್ಣು ಹತ್ತಿದೆ. ಮೆಲ್ಲಗೆ ಮಾತಾಡು."

ಅಪ್ಪ ತಮಾಷೆ ಮಾಡುತ್ತಿದ್ದಾರೆಂದು ನಗುತ್ತಾ ಹೊರಗೆ ಬಂದೆ. ಅವರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ಗದರಿದರು. ಕೇಬಲಿನವನು ನನ್ನ ಕೈಯಲ್ಲಿದ್ದ ಕಾಗದ ನೋಡಿದ, ಅಪ್ಪನ ಮುಖ ನೋಡಿದ.

"ಯಾವುದನ್ನ ಬರ್ಕೊಳ್ಲಿ ಅಕ್ಕಾ?" ಎಂದು ಪಿಸುಗುಟ್ಟಿದ.

ಅಪ್ಪನ ಎದುರು ನೀನು ಇಲ್ಲ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. "ದಂಡಾನೇ ಕಟ್ತೀನಿ," ಅಂದೆ.

ನಿನಗೆ ಮೊದಲೇ ಗೊತ್ತಿತ್ತೇನಮ್ಮಾ? ಫೋನ್ ಮಾಡಿದಾಗಲೆಲ್ಲ "ನಿಮ್ಮಪ್ಪನಿಗೇನು, ಗುಂಡುಕಲ್ಲಿನ ಹಾಗಿದ್ದಾರೆ" ಎಂದು ನೀನು ಮಾತು ಮುಗಿಸುತ್ತಿದ್ದೆ. ನಾನೂ ಮುಗಿಸುತ್ತಿದ್ದೆ.

ಈಗ ನಿನ್ನ ಕೋಣೆಯ ಬಾಗಿಲು ಹಾಕಿಕೊಂಡು, ನಿನ್ನ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹೊರಗೆ ಅಪ್ಪ ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ ಕೇಳುತ್ತಿದ್ದಾರೆ:

"ಎದ್ದಳೇನೇ?"