ಅಮ್ಮನ ಚಾಪೆಯ ಜಾಗ

೧೪-೧೧-೧೯೫೬, ಬುಧವಾರ. ವಡಾಲ.

ಆ ಪಾತ್ರೆ ಕಣ್ಣೆದುರೇ ಕೂತಿದೆ. ಶುಕ್ರವಾರ ಅಮ್ಮ ಊರಿನಿಂದ ಬರುತ್ತಾಳೆ. ಈ ಒಂದೇ ಕೋಣೆಯಲ್ಲಿ ಅವಳ ಚಾಪೆಗೆ ಜಾಗವಾಗಲಿ ಎಂದು, ಮೂಲೆಯಲ್ಲಿದ್ದ ಹಳೆಯ ಸೀರೆಗಳ ಗಂಟನ್ನು ಪಾತ್ರೆ ಮಾರುವವಳಿಗೆ ಕೊಟ್ಟೆ. ಬದಲಿಗೆ ಇದು ಬಂತು.

ಕೆಲಸದಿಂದ ಬಂದ ಇವರು ನಕ್ಕರು. "ಜಾಗ ಮಾಡಿದ್ದು ಅತ್ತೆಗೋ, ಈ ಕೊಪ್ಪರಿಗೆಗೋ ಮಾರಾಯ್ತಿ?"

"ಬೇಡ ಅನ್ಲಿಕ್ಕೆ ನಾಚಿಕೆ ಆಯ್ತು" ಎಂದೆ.

ಅದು ಸುಳ್ಳು. ಪಾತ್ರೆಯವಳು ಮೊದಲು ಚಿಕ್ಕದನ್ನೇ ಕೊಟ್ಟಿದ್ದಳು. ಈ ಚಾಳಿನ ಸಾಲುಕೋಣೆಗಳಲ್ಲಿ ಯಾರೊಡನೆಯೂ ಬಾಯಿ ಬಿಡದ ನಾನು ದೊಡ್ಡದೇ ಬೇಕೆಂದು ಹಟ ಹಿಡಿದೆ. ಆ ಧೈರ್ಯ ಎಲ್ಲಿಂದ ಬಂತೋ! ಇಬ್ಬರ ಸಂಸಾರಕ್ಕೆ ಎಷ್ಟು ಅನ್ನ ಬೇಕು?

ನಾಳೆ ಯಾರಿಗಾದರೂ ಕೊಟ್ಟುಬಿಡಬೇಕು. ಆದರೆ ಆಗಲೇ ಅಕ್ಕಿ ತುಂಬಿಟ್ಟಿದ್ದೇನೆ. ಅಮ್ಮ ಸ್ವಲ್ಪ ಕಾಲು ಮಡಚಿ ಮಲಗಿದರೆ...