ಹನ್ನೊಂದೂವರೆ ಸೆಕೆಂಡು

ಮೇ 2, ಶನಿವಾರ, ಸಂಜೆ

ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ. ಯಾರೂ ಓದುವುದಿಲ್ಲ, ಗೊತ್ತು. ಆದರೂ ಮೊದಲೇ ಕ್ಷಮೆ ಕೇಳಿಬಿಟ್ಟರೆ ಕೈ ಸ್ವಲ್ಪ ಸಡಿಲವಾಗುತ್ತದೆ. ಕಾರು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲೇ ಓಡಾಡುವ ನಮ್ಮ ಆಮಿಶ್ ಕ್ರೈಸ್ತ ಜನರಲ್ಲಿ ಶಾಲೆ ಎಂಟನೆಯ ತರಗತಿಗೇ ಮುಗಿಯುತ್ತದೆ. ಆಮೇಲೆ ಹೆಣ್ಣುಮಕ್ಕಳ ಕೈಗೆ ಹಿಟ್ಟು, ಗಂಡುಮಕ್ಕಳ ಕೈಗೆ ಸುತ್ತಿಗೆ.

ಇವತ್ತು ಪಂದ್ಯಕ್ಕೆ ಬಂದ ನಲವತ್ತೊಂದು ಕಾರು ನೋಡಿದೆ. ಹೆಲ್ಮೆಟ್‌ಗಳ ಒಳಗಿನ ಚೀಟಿ ಓದಿ ಓದಿ ಕಣ್ಣು ಉರಿ. ಎರಡು ಹೆಲ್ಮೆಟ್ ಹಳೆಯವು, ವಾಪಸ್ ಕಳಿಸಿದೆ. ಒಬ್ಬ ಚಡ್ಡಿ, ಚಪ್ಪಲಿಯಲ್ಲಿ ಬಂದಿದ್ದ. "ಪ್ಯಾಂಟು ಬೇಕು, ಶೂ ಬೇಕು" ಅಂದೆ. ಕೇಳಿಸಲಿಲ್ಲ ಅವನಿಗೆ. ನನ್ನ ದನಿ ಅಷ್ಟೇ. ಶೆಡ್ಡಿನೊಳಗಿಂದ ವೆಂಡೆಲ್ ಕೂಗಿದರು.

"ಏನಪ್ಪಾ, ಕೆರೆಗೆ ಈಜೋಕೆ ಬಂದ್ಯಾ? ಬಿಸಿನೀರಿನ ಪೈಪ್ ಒಡೆದ್ರೆ ನಿನ್ ಕಾಲು ಸಿಪ್ಪೆ ಸುಲಿದ ಆಲೂಗಡ್ಡೆ ಆಗತ್ತೆ, ಹೋಗು!"

ವೆಂಡೆಲ್‌ಗೆ ಅರವತ್ತೆಂಟು. ಕಾಲು ಮೈಲಿಯ ನೇರ ದಾರಿಯಲ್ಲಿ ಎರಡೆರಡು ಕಾರು ಪಕ್ಕಪಕ್ಕದಲ್ಲಿ ಓಡುವ ಈ ಸ್ಟ್ರಿಪ್ಪಿನಲ್ಲಿ ಕಾರುಗಳ ತಪಾಸಣೆ ಅವರದ್ದು. ವಾರವೆಲ್ಲ ನನಗೆ ಬೇಕರಿ, ಶನಿವಾರ ಇವರ ಶೆಡ್ಡು. ಈ ವರ್ಷದಿಂದ ಕಾರ್ಡಿಗೆ ಸಹಿ ಹಾಕುವುದು ನಾನು. ಎಸ್. ಮಾಸ್ಟ್. ಸಲೋಮಾ ಎಂದು ಪೂರ್ತಿ ಬರೆಯಲು ನಾಚಿಕೆ. ಸಹಿ ಬಿದ್ದರೆ ಕಾರು ಓಡಬಹುದು. ಇಲ್ಲದಿದ್ದರೆ ಇಲ್ಲ.

ಅಣ್ಣ ಅಬ್ನರ್ ಮೂರು ಸಲ ಓಡಿದ. ಕಾಲು ಮೈಲಿಗೆ 11.53 ಸೆಕೆಂಡು. ಆಮೇಲೆ 11.56. ಆಮೇಲೆ 11.52. "ಗಡಿಯಾರದ ಹಾಗೆ ಓಡತ್ತಲ್ಲೋ ನಿನ್ ಕಾರು" ಎಂದು ಎಲ್ಲರೂ ಅವನ ಬೆನ್ನು ತಟ್ಟಿದರು. ನಾನು ಆ ಮೂರು ಅಂಕಿಗಳನ್ನು ಇನ್ನೊಮ್ಮೆ ಓದಿದೆ.

ಮೇ 3, ಭಾನುವಾರ

ಅಬ್ನರನ ಓಟದ ಚೀಟಿಗಳು, ಸಮಯ ಮತ್ತು ವೇಗ ಅಚ್ಚಾಗಿ ಬರುವವು, ಅಡುಗೆಮನೆಯ ಮೇಜಿನ ಮೇಲೇ ಇದ್ದವು. ಅವನು ಮಲಗಿದ್ದ. ಓದಿದೆ. ಓದಬಾರದಿತ್ತೋ ಏನೋ.

ಅರ್ಧ ದಾರಿಗೆ 7.12. ಅದಕ್ಕೆ ಪೂರ್ತಿ ದಾರಿ ಹನ್ನೊಂದು ಇಪ್ಪತ್ತರ ಆಸುಪಾಸಿಗೆ ಮುಗಿಯಬೇಕು, ಲೆಕ್ಕ ವೆಂಡೆಲ್ಲೇ ಕಲಿಸಿದ್ದು. ಮುಗಿದದ್ದು ಹನ್ನೊಂದು ಐವತ್ತಮೂರಕ್ಕೆ. ಗೆರೆ ದಾಟುವಾಗಿನ ವೇಗ 96 ಮೈಲಿ. ಹೋದ ವರ್ಷ, ಇಂಜಿನ್ನಿಗೆ ಕೈ ಹಾಕುವ ಮೊದಲೇ, 114 ಇತ್ತು.

ಬಲ ಹೆಚ್ಚಾದ ಕಾರು ಗೆರೆಯ ಹತ್ತಿರ ನಿಧಾನವಾಗುತ್ತದೆಯೇ? ಕೊನೆಯಲ್ಲಿ ಬ್ರೇಕ್ ಒತ್ತುತ್ತಿದ್ದಾನೆ. ಬೇಕೆಂದೇ.

ಶೆಡ್ಡಿನ ಗೋಡೆಯ ಮೇಲೆ ಬರೆದಿದೆ. ಹದಿನಾಲ್ಕು ಸೆಕೆಂಡಿಗಿಂತ ಬೇಗ ಮುಗಿಸುವವರಿಗೆ ಹೆಲ್ಮೆಟ್. ಹನ್ನೊಂದೂವರೆಗಿಂತ ಬೇಗ ಎಂದರೆ ರೋಲ್ ಬಾರ್ — ಸೀಟಿನ ಹಿಂದೆ ಬೆಸೆದ ಉಕ್ಕಿನ ಕಮಾನು, ಕಾರು ಮಗುಚಿದರೆ ಸೂರು ತಲೆಯ ಮೇಲೆ ಕೂರದಂತೆ. ಜೊತೆಗೆ ಐದು ಪಟ್ಟಿಯ ಬೆಲ್ಟು. ಅವನ ಮಸ್ಟ್ಯಾಂಗ್ ಕಾರಿನಲ್ಲಿ ಎರಡೂ ಇಲ್ಲ. ಚೀಟಿಯಲ್ಲಿ ಹನ್ನೊಂದೂವರೆಗಿಂತ ಹೆಚ್ಚೇ ಇರುವವರೆಗೆ ಬೇಕಾಗಿಯೂ ಇಲ್ಲ.

ನೂರಿಪ್ಪತ್ತು ಮೈಲಿ ವೇಗದಲ್ಲಿ ಒತ್ತುವ ಬ್ರೇಕ್. ಕಾರ್ಡಿನ ಮೇಲೆ ನನ್ನ ಸಹಿ.

ಮೇ 6, ಬುಧವಾರ

ತಪ್ಪು ಮಾಡಿದವನ ಬಳಿ ಮೊದಲು ಒಬ್ಬರೇ ಹೋಗಿ ಹೇಳಬೇಕು. ಕೇಳದಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೆ, ಎಂದರೆ ಚರ್ಚಿನ ಎಲ್ಲರಿಗೂ, ತಿಳಿಸಬೇಕು. ಹಾಲಿನ ಜೊತೆ ಕುಡಿಸಿದ ಮಾತು. ಅಣ್ಣನೂ ನಾನೂ ಊರು, ಸಭೆ ಬಿಟ್ಟು ಎರಡು ವರ್ಷವಾದರೂ ಬೇರೆ ದಾರಿ ತೋಚುವುದಿಲ್ಲ.

ಊಟಕ್ಕೆ ಕೂತಾಗ ಹೇಳಿದೆ. ಸಾರಿನ ತಟ್ಟೆ ನೋಡಿಕೊಂಡೇ.

"ಕೊನೇಲಿ ಬ್ರೇಕ್ ಒತ್ತುತ್ತೀಯ."

ನಕ್ಕ. "ಎಲ್ಲರೂ ಒತ್ತುತ್ತಾರೆ ಮಾರಾಯ್ತಿ. ಅದೂ ಒಂದು ಕಲೆ."

"ಬಾರ್ ಹಾಕಿಸು."

"ಹಾಕಿಸಿದ್ರೆ ಹಿಂದಿನ ಸೀಟು ಹೋಗತ್ತೆ. ಅಮ್ಮನ್ನ ಎಲ್ಲಿ ಕೂರಿಸಲಿ? ನಿನ್ ತೊಡೆ ಮೇಲಾ?"

ತಿಂಗಳಿಗೊಂದು ಸಲ ಅವನೇ ಊರಿಗೆ ಹೋಗಿ ಅಮ್ಮನನ್ನು ಡಾಕ್ಟರ ಬಳಿ ಕರೆದೊಯ್ಯುವುದು. ಮುಂದಿನ ಸೀಟು ದೊಡ್ಡಸ್ತಿಕೆ ಎಂದು ಅಮ್ಮ ಕೂರುವುದಿಲ್ಲ. ಹಿಂದೆ ಶಾಲು ಹಾಸಿಕೊಂಡು, ಕುದುರೆಗಾಡಿಯಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ. ಮನೆಗೂ ನಮಗೂ ಉಳಿದಿರುವ ನಂಟು ಆ ಸೀಟೊಂದೇ.

ಮೇ 9, ಶನಿವಾರ

11.51. ಹನ್ನೊಂದೂವರೆಗೆ ಸೆಕೆಂಡಿನ ನೂರರಲ್ಲಿ ಒಂದು ಪಾಲು ಉಳಿಸಿದ. ಹುಡುಗರು ಚಪ್ಪಾಳೆ ತಟ್ಟಿದರು. ಗೊತ್ತಿದ್ದೂ ಸಹಿ ಹಾಕಿದೆ.

ಮೇ 13, ಬುಧವಾರ

ಎರಡನೆಯ ಹೆಜ್ಜೆ. ಮಾರ್ಲಿನ್‌ನನ್ನು ಕರೆದುಕೊಂಡು ಬಂದೆ. ಅವನೂ ನಮ್ಮ ಹಾಗೆ ಊರು ಬಿಟ್ಟವನು. ಅಬ್ನರ್ ಜೊತೆ ಮನೆಗಳಿಗೆ ಸೂರು ಹಾಕುವ ಕೆಲಸ. ಮೂರು ಮಕ್ಕಳ ತಂದೆ, ಮಾತಿಗೆ ತೂಕವಿದೆ ಎಂದುಕೊಂಡಿದ್ದೆ.

"ನೋಡು ಅಬ್ನರ್," ಮಾರ್ಲಿನ್ ಟೋಪಿ ತೆಗೆದ, ತಲೆ ಕೆರೆದ. "ಸಲೋಮಾ ಹೇಳೋದ್ರಲ್ಲಿ ನ್ಯಾಯ ಇದೆ. ಆದ್ರೆ... ನಾನೂ ಹೋದ ವರ್ಷ ಹಂಗೇ ಮಾಡಿದ್ನಲ್ಲ."

"ತಗೋ!" ಅಬ್ನರ್ ಮೇಜು ಗುದ್ದಿ ನಕ್ಕ. "ಸಾಕ್ಷಿನೇ ಕಳ್ಳ!"

ಮಾರ್ಲಿನ್‌ಗೂ ನಗು ಬಂತು. ನನಗೊಬ್ಬಳಿಗೆ ಬರಲಿಲ್ಲ. ಪಾತ್ರೆ ತೊಳೆಯಲು ಎದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಉಳಿದಿರುವುದು ಸಭೆ. ಸಭೆ ಎಂದರೆ ಇಲ್ಲಿ ಯಾರು? ವೆಂಡೆಲ್. ಈ ವಾರವೇ ಹೇಳಲೇ? ನಡುವೆ ಯೋಚಿಸಲು ಸ್ವಲ್ಪ ಕಾಲ ಕೊಡಬೇಕು ಎನ್ನುತ್ತಿದ್ದ ಅಪ್ಪ. ಒಂದು ಶನಿವಾರ ಕೊಡುತ್ತೇನೆ.

ಮೇ 16, ಶನಿವಾರ, ಮಧ್ಯಾಹ್ನ 3

ಬದುಕಿದ್ದಾನೆ. ಅದನ್ನೇ ಮೊದಲು ಬರೆಯಬೇಕು.

ಪಕ್ಕದ ದಾರಿಯಲ್ಲಿ ಶಾಲಾ ಬಸ್ಸು ಓಡಿಸುವ ಹೆಂಗಸಿನ ಕಾರು. ಇಬ್ಬರೂ ಜೊತೆಜೊತೆಗೇ ಇದ್ದರು. ಗೆರೆ ಹತ್ತಿರವಾದಾಗ ಅಬ್ನರನ ಹಿಂದಿನ ದೀಪ ಕೆಂಪಗಾಯಿತು. ಕಾರಿನ ಹಿಂಭಾಗ ಒಂದು ಕಡೆಗೆ ಜಾರಿತು, ನಿಧಾನವಾಗಿ, ದನ ಬಾಲ ಬೀಸಿದ ಹಾಗೆ. ಆಮೇಲೆ ನಿಧಾನವಿರಲಿಲ್ಲ. ಒಂದು ಸುತ್ತು ತಿರುಗಿ ಅವಳ ದಾರಿಗೆ ಅಡ್ಡ ಬಂತು — ಅಷ್ಟರಲ್ಲಿ ಅವಳು ದಾಟಿಯಾಗಿತ್ತು. ಇನ್ನೊಂದು ಸುತ್ತು. ಹಿಂದುಮುಂದಾಗಿ ಹುಲ್ಲಿಗೆ ಇಳಿದು ನಿಂತಿತು. ಹುಲ್ಲಿನಾಚೆಯ ತಡೆಗೋಡೆಗೂ ಕಾರಿನ ಬಾಗಿಲಿಗೂ ನಡುವೆ ಒಂದು ಗೇಣು.

ಇಳಿದ. ಕೈ ಎತ್ತಿ ತೋರಿಸಿದ. ಜನ ಕೂಗಿದರು.

ಜಾರುತ್ತಲೇ ಗೆರೆ ದಾಟಿದ್ದ, ಚೀಟಿಯಲ್ಲಿ 11.61. ಬಾರ್‌ನ ನಿಯಮದ ಪ್ರಕಾರ ಏನೂ ತಪ್ಪಿಲ್ಲ.

ಕ್ರಮ ತಪ್ಪಬಾರದೆಂದು ಎರಡು ಶನಿವಾರ ಕಾದವಳು ನಾನು. ಆ ಹೆಂಗಸು ಮೂರು ಕಡ್ಡಿ ಗೀರಿದರೂ ಸಿಗರೇಟು ಹಚ್ಚಿಕೊಳ್ಳಲು ಆಗದೆ ನನ್ನ ಬಳಿ ಬಂದು "ಹಚ್ಚಿಕೊಡ್ತೀಯಾ ಕಂದಾ?" ಅಂದಳು. ಹಚ್ಚಿಕೊಟ್ಟೆ. ಅವಳ ಮುಖ ನೋಡಲಿಲ್ಲ.

ಮೇ 23, ಶನಿವಾರ

ಬೆಳಿಗ್ಗೆ ಶೆಡ್ಡಿನ ಮುಂದೆ ಸಾಲು. ಐದನೆಯದು ಅಬ್ನರ್. ಹೊಸ ಟೈರು ಹಾಕಿಸಿದ್ದ. ಬಾರ್ ಇಲ್ಲ.

"ವೆಂಡೆಲ್, ಒಂದು ಮಾತು" ಅಂದೆ.

"ಜೋರಾಗಿ ಹೇಳು ಮರಿ. ನನ್ ಕಿವಿನ ಇಂಜಿನ್ನುಗಳು ತಿಂದು ಮುಗಿಸಿವೆ."

ಇನ್ನೊಮ್ಮೆ ಅಂದೆ. ಕೇಳಿಸಲಿಲ್ಲ. ಮೂರನೆಯ ಸಲ ದನಿ ನನ್ನದಲ್ಲ ಎನ್ನುವ ಹಾಗೆ ಹೊರಬಿತ್ತು. "ಅಬ್ನರ್ ಗೆರೆಗೆ ಮುಂಚೆ ಬ್ರೇಕ್ ಒತ್ತುತ್ತಾನೆ! ಅದು ಹನ್ನೊಂದು ಇಪ್ಪತ್ತರ ಕಾರು!"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಯಾರೋ ಇಂಜಿನ್ ಆರಿಸಿದರು. ಸಭೆಗೆ ಹೇಳಿದ ಹಾಗೇ ಆಯಿತು.

"ಗೊತ್ತು" ಅಂದರು ವೆಂಡೆಲ್, ಮೆಲ್ಲಗೆ. "ಚೀಟಿ ಓದೋಕೆ ನಿಂಗೊಬ್ಳಿಗೇ ಬರತ್ತಾ? ಚೀಟಿ ಸರಿ ಇರೋವರೆಗೆ ನನ್ ಕೈ ಕಟ್ಟಿದೆ ಅಂತ ಸುಮ್ನಿದ್ದೆ. ಮುದುಕನ ಹೇಡಿತನ. ಕಾರ್ಡು ನಿನ್ ಕೈಲಿದೆ. ನೀನು ಏನ್ ಮಾಡಿದ್ರೂ ನಿನ್ ಹಿಂದೆ ನಾನಿದೀನಿ."

ಕಾರ್ಡನ್ನು ಸಹಿಯಿಲ್ಲದೆ ಕಿಟಕಿಯೊಳಗೆ ಚಾಚಿದೆ. ಅಬ್ನರ್ ಅದನ್ನೇ ನೋಡಿದ. ಕಿವಿ ಕೆಂಪಾಗಿತ್ತು.

"ನೀನು ಊರು ಬಿಟ್ಟೆ ಅಂದ್ಕೊಂಡಿದ್ದೆ" ಅಂದ. ನಮ್ಮ ಮನೆಮಾತಿನಲ್ಲಿ, ಬೇರೆಯವರಿಗೆ ತಿಳಿಯದ ಹಾಗೆ. "ನಮ್ ಸಭೆ ಬಿಷಪ್ಪನ್ನ ಗಂಟು ಕಟ್ಕೊಂಡೇ ಬಂದಿದ್ದೀಯ."

ಕಾರು ತಿರುಗಿಸಿಕೊಂಡು ಹೋದ.

ಮೇ 24

ಅಬ್ನರ್ ಮನೆಗೆ ಬಂದಿಲ್ಲ.

ಮೇ 28, ಗುರುವಾರ

ಬೇಕರಿಗೆ ಬಂದ ಗಿರಾಕಿಗಳಿಬ್ಬರು ಮಾತಾಡುತ್ತಿದ್ದರು. ಧಾನ್ಯದ ಗೋದಾಮಿನ ಆಚೆಯ ನೇರ ರಸ್ತೆಯಲ್ಲಿ ಹುಡುಗರು ಕಾರು ಓಡಿಸುತ್ತಾರಂತೆ. ಯಾವ ಕಾರು ಎಂದು ಕೇಳದೆ ಬ್ರೆಡ್ಡು ಕಟ್ಟಿಕೊಟ್ಟೆ. ಅಲ್ಲಿ ಗೋಡೆಯಿಲ್ಲ. ಆಂಬುಲೆನ್ಸ್ ಇಲ್ಲ. ಎರಡೂ ಕಡೆ ಕರೆಂಟು ಕಂಬ, ಎದುರಿಗೆ ಕುದುರೆಗಾಡಿಗಳು.

ಸಹಿ ಹಾಕದೆ ಅವನನ್ನು ಎಲ್ಲಿಗೆ ಕಳಿಸಿದೆ?

ಸೈರನ್ ಕೇಳಿದರೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುತ್ತೇನೆ. ಇವತ್ತು ಎರಡು ಸಲ. ಒಂದು ಹುಲ್ಲಿನ ಬಣವೆಗೆ ಹೋಗುತ್ತಿದ್ದ ಬೆಂಕಿ ಆರಿಸುವ ಗಾಡಿ. ಇನ್ನೊಂದು ಗೊತ್ತಾಗಲಿಲ್ಲ.

ಜೂನ್ 9, ಮಂಗಳವಾರ

ಮಾರ್ಲಿನ್ ಬೇಕರಿಗೆ ಬಂದ. ಸೇಬಿನ ಹೂರಣದ ಕರಿದ ಪೈ ಎರಡು ತೆಗೆದುಕೊಂಡ. ಅಲ್ಲೇ ಒಂದು ತಿಂದ. ತಿಂದು ಮುಗಿಸುವವರೆಗೂ ಹೇಳಲಿಲ್ಲ, ಪಾಪಿ.

"ನಮ್ ಕೊಟ್ಟಿಗೇಲಿದಾನೆ. ನಿಂಗೆ ಹೇಳಬೇಡ ಅಂದ. ಅದಕ್ಕೇ ಹೇಳ್ತಾ ಇದೀನಿ."

ಏಪ್ರನ್ನಿನಲ್ಲೇ ಹೋದೆ. ಹುಲ್ಲಿನ ಪಿಂಡಿಗಳ ಮೇಲೆ ಹಿಂದಿನ ಸೀಟು ಒರಗಿತ್ತು. ಅದರ ಮೇಲೆ ಅಮ್ಮನ ಶಾಲು, ನಾಲ್ಕು ಮಡಿಕೆ. ಕಾರಿನೊಳಗೆ ಉಕ್ಕಿನ ಕಮಾನು, ಇನ್ನೂ ಬಣ್ಣ ಬಳಿದಿರಲಿಲ್ಲ. ಅಬ್ನರ್ ಕಾರಿನಡಿ ಇದ್ದ. ಬರೀ ಬೂಟು ಕಾಣುತ್ತಿತ್ತು.

"ಅಮ್ಮ?" ಎಂದು ಬೂಟುಗಳನ್ನು ಕೇಳಿದೆ.

ಮಾರ್ಲಿನ್ ಹೇಳಿದ. "ಹೋಗಿ ಕೇಳ್ಕೊಂಡು ಬಂದ. 'ಮುಂದೇನೇ ಕೂರ್ತೀನಿ ಬಿಡು, ಕಣ್ಣು ಮುಚ್ಕೊಂಡು' ಅಂದ್ರಂತೆ."

ಕಾರಿನಡಿ ಸ್ಪ್ಯಾನರ್ ಸದ್ದು ಮತ್ತೆ ಶುರುವಾಯಿತು. ನಾನು ಹೊರಟು ಬಂದೆ.

ಗೋದಾಮಿನ ಆಚೆಯ ಆ ರಸ್ತೆಗೆ ಅವನು ಹೋಗಿಯೇ ಇರಲಿಲ್ಲ, ಮಾರ್ಲಿನ್ ಬಾಗಿಲ ತನಕ ಬಂದು ಹೇಳಿದ. ಬರುವಾಗ ದಾರಿಯುದ್ದಕ್ಕೂ ಅತ್ತೆ.

ಜೂನ್ 13, ಶನಿವಾರ, ಬೆಳಿಗ್ಗೆ 9.20

ಶೆಡ್ಡಿನಲ್ಲೇ ಕೂತು ಬರೆಯುತ್ತಿದ್ದೇನೆ. ಬೇಗ ಬರೆಯಬೇಕು.

ಎರಡನೆಯ ಕಾರು ಅವನದ್ದು. ಬೆಸುಗೆಯ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಬಾರ್‌ಗೆ ತಲೆ ತಾಗುವ ಕಡೆ ದಪ್ಪ ಮೆತ್ತೆ ಸುತ್ತಿದೆಯೇ, ಇದೆ. ಬೋಲ್ಟು, ಇದೆ. ಬೆಲ್ಟಿನ ಚೀಟಿಯಲ್ಲಿ ತಾರೀಖು, ಈ ವರ್ಷದ ಮಾರ್ಚ್. ಹೆಲ್ಮೆಟ್ ಸರಿ. ಒಂದಾದರೂ ತಪ್ಪು ಸಿಗಲಿ ಎಂದು ಹುಡುಕಿದೆ, ಸುಳ್ಳೇಕೆ ಹೇಳಲಿ. ಸಿಗಲಿಲ್ಲ. ವೆಂಡೆಲ್ ಬಗ್ಗಿ ನೋಡಿ "ಇದರೊಳಗೆ ನನ್ ಮೊಮ್ಮಗಳನ್ನ ಕೂರಿಸ್ತೀನಿ" ಎಂದು ಹೋದರು.

ಸಹಿ ಹಾಕಿದೆ.

ಇವತ್ತಿನಿಂದ ಅವನಿಗೆ ಕೊನೆಯಲ್ಲಿ ಬ್ರೇಕ್ ಒತ್ತಲು ಕಾರಣವಿಲ್ಲ. ಗೆರೆಯವರೆಗೂ ಆಕ್ಸಿಲರೇಟರ್ ಒತ್ತಿದ ಕಾಲು ತೆಗೆಯುವುದಿಲ್ಲ. ಆ ಕಾರು ಪೂರ್ತಿ ಓಡಿದರೆ ಎಷ್ಟು ವೇಗ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಯಮ ಸರಿಯಾಯಿತು. ನನ್ನ ಹೆದರಿಕೆ ಹೋಗಲಿಲ್ಲ.

ಭುಜದ ಪಟ್ಟಿಗಳನ್ನು ಕೂತವನು ತಾನೇ ಎಳೆದುಕೊಂಡರೆ ಸಾಕಷ್ಟು ಬಿಗಿಯಾಗುವುದಿಲ್ಲ. ಒದ್ದಾಡುತ್ತಿದ್ದ. ಮಾರ್ಲಿನ್ ಎಲ್ಲೂ ಕಾಣಲಿಲ್ಲ. ಕಿಟಕಿಯೊಳಗೆ ಕೈ ಹಾಕಿ ಎಳೆದೆ.

"ಇನ್ನೊಂಚೂರು" ಅಂದ. ಮೂರು ವಾರದಲ್ಲಿ ಮೊದಲ ಮಾತು.

ಎಳೆದೆ. "ಉಸಿರಾಡೋಕೆ ಆಗತ್ತಾ?"

"ಅದೊಂದು ಬಿಟ್ಟು ಇನ್ನೇನೂ ಆಗಲ್ಲ. ಆ ಕಡೇದೂ ಎಳಿ ಸಲೋಮಾ. ಅವತ್ತು ಕೂಗಿದಷ್ಟು ಜೋರಾಗಿ."

ಆ ಕಡೆಗೆ ಹೋದೆ. ಬಾಗಿಲಿಗೆ ಮೊಣಕಾಲು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು, ಪಟ್ಟಿ ಇನ್ನು ಬಾರದು ಎನ್ನುವವರೆಗೆ ಎಳೆದೆ. ತುದಿಯನ್ನು ಮಡಚಿ ಒಳಗೆ ಸಿಕ್ಕಿಸಿದೆ. ಓಟಕ್ಕೆ ಅವನ ಸರದಿ ಬಂತು, ಪುಸ್ತಕ ಮುಚ್ಚಿ ನೋಡಲು ಹೋಗುತ್ತೇನೆ.