ಕೊಳದ ಎರಡು ತುದಿ

ಗುರುವಾರ, ನವೆಂಬರ್ ೧೪

ನನ್ನ ಗೋಲ್ಡ್‌ಫಿಶ್ ಡುಮ್ಮಿಗೆ ಬೆಳಿಗ್ಗೆಯೂ ಉಪವಾಸ. ವಾರಗಿತ್ತಿ ಅಕ್ಕನ ಕೋಯಿ ಮೀನುಗಳು ಅದೇ ಕೊಳದಲ್ಲಿ ಮೊಳದುದ್ದ ಬೆಳೆದಿವೆ; ಡಬ್ಬಿ ಅಲ್ಲಾಡಿಸಿದರೆ ಸಾಕು, ಮುಗಿಬಿದ್ದು ಕಾಳೆಲ್ಲ ನುಂಗಿಬಿಡುತ್ತವೆ. ಡುಮ್ಮಿ ಬಾಲ ಬೀಸಿಕೊಂಡು ಬರುವಷ್ಟರಲ್ಲಿ ಬರೀ ನೀರು.

ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು: "ಭಾನುವಾರದೊಳಗೆ ಇಬ್ಬರಲ್ಲಿ ಒಬ್ಬರ ಮೀನು ಕೊಳದಿಂದ ಆಚೆ ಹೋಗ್ಲಿ. ನಿಮ್ಮ ಊದಿದ ಮುಖ ನೋಡಿ ನೋಡಿ ಸಾಕಾಯ್ತು."

ನಾನೂ ಅಕ್ಕನೂ ಮಾತು ಬಿಟ್ಟು ತಿಂಗಳಾಯಿತು. "ನಿನ್ನ ಮೀನಿಗೆ ಈಜೋಕೇ ಬರಲ್ಲ, ನನ್ನವನ್ನ ಯಾಕೆ ಬೈತೀಯ?" ಅಂದಿದ್ದರು ಅಕ್ಕ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೀನಿನಂಗಡಿಯವನು ಹೇಳಿದ ಉಪಾಯ ಒಂದೇ. ಆ ತುದಿಯಲ್ಲಿ ಕೋಯಿಗಳಿಗೆ ತೇಲುವ ಕಾಳು, ಈ ತುದಿಯಲ್ಲಿ ಡುಮ್ಮಿಗೆ ಮುಳುಗುವ ಕಾಳು, ಎರಡೂ ಒಟ್ಟಿಗೇ ಬೀಳಬೇಕು. ಒಬ್ಬಳ ಕೈಲಾಗುವ ಕೆಲಸವಲ್ಲ. ನಮ್ಮವರ ಬಾಯಲ್ಲಿ ಅಕ್ಕನಿಗೆ ಹೇಳಿಸಿದೆ.

ಸಂಜೆ ಹೋದರೆ ಅವರು ಆಚೆ ತುದಿಯಲ್ಲಿ ಆಗಲೇ ನಿಂತಿದ್ದರು. ಇಬ್ಬರೂ ನೀರನ್ನೇ ನೋಡಿದೆವು. ಕೋಯಿಗಳು ಯಾರ ಕೈ ಮೊದಲು ಏಳುತ್ತದೋ ಎಂದು ನಡುವೆ ಸುತ್ತುತ್ತಿದ್ದವು. ಒಟ್ಟಿಗೇ ಹಾಕಬೇಕೆಂದರೆ ಯಾರಾದರೂ ಬಾಯಿ ಬಿಡಲೇಬೇಕಿತ್ತು. ನಾನ್ಯಾಕೆ ಬಿಡಲಿ? ಡುಮ್ಮಿ ಕಲ್ಲಿನ ಪಕ್ಕ ವಾಲಿಕೊಂಡು ತೇಲುತ್ತಿತ್ತು.

"ಹಾಕಿ ಅಕ್ಕಾ," ಅಂದೆ.

ಹಾಕಿದರು, ನಾನೂ ಹಾಕಿದೆ. ಕೋಯಿಗಳು ಅತ್ತ ನುಗ್ಗಿದವು. ಡುಮ್ಮಿ ಒಂದೊಂದೇ ಕಾಳು ಹೆಕ್ಕಿ ತಿಂದಿತು.

ಅಕ್ಕ ತಿರುಗಿಯೂ ನೋಡದೆ ಹೋದರು. ಡಬ್ಬಿಯನ್ನು ಮಾತ್ರ ಅಲ್ಲೇ ಕಲ್ಲಿನ ಮೇಲೆ ಬಿಟ್ಟಿದ್ದಾರೆ. ನಾಳೆಯೂ ಬರುತ್ತೇನೆ ಅಂತಲೋ, ಇನ್ನು ನೀನೇ ಹಾಕಿಕೋ ಅಂತಲೋ? ಬರದಿದ್ದರೆ, ಎರಡೂ ಡಬ್ಬಿ ಹಿಡಿದುಕೊಂಡು ನಾನು ಯಾವ ತುದಿಯಲ್ಲಿ ನಿಲ್ಲಲಿ?